ಮೂರು ಅಡ್ಡ, ನಾಲ್ಕು ಎತ್ತರ

ಏಕಸಂಬಿಯ ದಸ್ತಗೀರನಿಗೆ ಊರು ಇಟ್ಟ ಹೆಸರು ವಿಡಿಯೋ ದಸ್ತಗೀರ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಅಂತ ಸುತ್ತಿ ಸುತ್ತಿ ಮೂವತ್ತೈದು ವರ್ಷದಲ್ಲಿ ಅವನ ಕ್ಯಾಮೆರಾ ಹೊಗದ ಮದುವೆ ಮನೆ ಆ ಕಡೆ ಇಲ್ಲವೆಂದೇ ಹೇಳಬೇಕು. ಕೆಲವು ಮನೆಗಳಲ್ಲಿ ಅಪ್ಪನ ಮದುವೆಯನ್ನೂ ಅವನೇ ಹಿಡಿದ, ಮಗನ ಮದುವೆಯನ್ನೂ ಅವನೇ ಹಿಡಿದ. ಇಷ್ಟು ಜನರ ನಗು, ಅಳು, ಬಾಯಿ ತೆರೆದು ಜಿಲೇಬಿ ತಿಂದದ್ದು ಎಲ್ಲವನ್ನೂ ಹಿಡಿದಿಟ್ಟ ಈ ಮನುಷ್ಯನಿಗೆ ನಿನ್ನ ಮನಸ್ಸಿನಲ್ಲಿರುವುದನ್ನು ಒಂದು ಸಲ ಬಾಯಿಬಿಟ್ಟು ಹೇಳಪ್ಪಾ ಅಂದರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಈಗ ಕ್ಯಾಮೆರಾ ಹೆಗಲಿನಿಂದ ಇಳಿದಿದೆ. ಸೊಸೆ ಮಸರತ ಮನೆಗೆ ಬಂದ ಮೇಲೆ ಧಂದೆಯ ದಿಕ್ಕೇ ಬೇರೆಯಾಯಿತು. ಹನ್ನೆರಡು ದೊಡ್ಡ ಟಿವಿ, ಅವನ್ನು ಒತ್ತೊತ್ತಾಗಿ ಕೂಡಿಸಲು ಒಂದು ಕಬ್ಬಿಣದ ಚೌಕಟ್ಟು, ಒಂದೇ ಚಿತ್ರವನ್ನು ಹನ್ನೆರಡು ಪಾಲು ಮಾಡಿ ಹಂಚುವ ಒಂದು ಡಬ್ಬಿ. ಅಡ್ಡಕ್ಕೆ ನಾಲ್ಕು, ಎತ್ತರಕ್ಕೆ ಮೂರು ಟಿವಿ ಜೋಡಿಸಿದರೆ ಮದುವೆ ನಡೆಯುವ ಮಂಗಲ ಕಾರ್ಯಾಲಯದ ವೇದಿಕೆಯ ಅರ್ಧದಷ್ಟು ಅಗಲದ ಗೋಡೆ ಆಗುತ್ತದೆ. ಮಗ ಜುನೇದ ಟೆಂಪೋ ಓಡಿಸಿಕೊಂಡು ಬಂದು ಗೋಡೆ ಕಟ್ಟುತ್ತಾನೆ. ಮಸರತ ಕಂಪ್ಯೂಟರಿನ ಮುಂದೆ ಕೂತು ಚಿತ್ರ ಹೊಂದಿಸುತ್ತಾಳೆ. ದಸ್ತಗೀರ ದೂರ ನಿಂತು ತಪ್ಪು ಹುಡುಕುತ್ತಾನೆ. ಮೂವರಲ್ಲಿ ತನ್ನ ಕೆಲಸವೇ ಕಷ್ಟದ್ದು ಎಂದು ಅವನ ನಂಬಿಕೆ.

ಚಿತ್ರ ಹೊಂದಿಸುವುದೇನೂ ಹುಡುಗಾಟವಲ್ಲ. ಸಣ್ಣ ಚಾದರವನ್ನು ದೊಡ್ಡ ಹಾಸಿಗೆಗೆ ಹಾಸಿದ ಹಾಗೆ, ತಲೆಕಡೆ ಎಳೆದರೆ ಕಾಲಕಡೆ ಬರಿದಾಗುತ್ತದೆ, ಕಾಲಕಡೆ ಎಳೆದರೆ ತಲೆಕಡೆ. ಮೊಬೈಲ್ ನೆಟ್ಟಗೆ ಹಿಡಿದು ತೆಗೆದ ವಿಡಿಯೋ ತಂದು ಕೊಟ್ಟು "ಇದನ್ನ ಪೂರಾ ಗ್ವಾಡಿ ತುಂಬಸ್ರಿ" ಅನ್ನುವ ಗಿರಾಕಿಗಳಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಮಸರತಳಿಗೆ ಸಾಕುಸಾಕಾಗುತ್ತಿತ್ತು.

ಹೀಗಿರುವಾಗ ಕೊಗನೊಳ್ಳಿಯ ಲಖನ ಒಂದು ಹಳೆಯ ಕ್ಯಾಸೆಟ್ಟು ಹಿಡಿದುಕೊಂಡು ಬಂದ. ಅವನ ಅಪ್ಪ ಧೂಳಪ್ಪ ಸರ್ಕಾರಿ ಬಸ್ಸಿನ ಡ್ರೈವರ್; ಹೋದ ತಿಂಗಳಷ್ಟೇ ನಿವೃತ್ತಿಯಾಗಿದ್ದ. ಅದೇ ಹೊತ್ತಿಗೆ ಅಪ್ಪ-ಅವ್ವನ ಮದುವೆಗೆ ಮೂವತ್ತು ವರ್ಷವೂ ತುಂಬಿತ್ತು. ಎರಡೂ ಕೂಡಿಸಿ ಭಾನುವಾರ ಮುಂಜಾನೆ ಒಂದು ಕಾರ್ಯಕ್ರಮ.

"ಅಪ್ಪಾ-ಅವ್ವನ ಮದವಿ ನೀವ ಶೂಟಿಂಗ್ ಮಾಡಿದ್ರಿ ಕಾಕಾ. ಟ್ರಂಕಿನ್ಯಾಗ ಬಿದ್ದಿತ್ತು. ಬೂಷ್ಟ ಹಿಡದೈತಿ. ಹತ್ತತೈತೇನ ನೋಡ್ರಿ."

ದಸ್ತಗೀರ ಎರಡು ದಿನ ಕೂತು ಕ್ಯಾಸೆಟ್ಟು ಬಿಚ್ಚಿ, ರೀಲು ಒರೆಸಿ, ಮತ್ತೆ ಸುತ್ತಿದ. ಮಸರತ ಅದನ್ನು ಕಂಪ್ಯೂಟರಿಗೆ ಇಳಿಸಿದಳು. ಮೊದಲು ಬರೀ ನೀಲಿ, ಆಮೇಲೆ ಅಡ್ಡಡ್ಡ ಗೆರೆ, ಆಮೇಲೆ ಇದ್ದಕ್ಕಿದ್ದಂತೆ ಮೂವತ್ತು ವರ್ಷದ ಹಿಂದಿನ ಒಂದು ಕೋಣೆ ಕಣ್ಣು ಬಿಟ್ಟಿತು.

ಮದುಮಗಳ ಅರಿಷಿಣ. ಮಣೆಯ ಮೇಲೆ ಲಖನನ ಅವ್ವ ಅಕ್ಕುತಾಯಿ, ಇನ್ನೂ ಹುಡುಗಿ, ತಲೆ ತಗ್ಗಿಸಿ ಕೂತಿದ್ದಾಳೆ. ಕಾಲ ಹತ್ತಿರ ಕೂತ ಅವಳ ತಾಯಿ ಪಾದಕ್ಕೆ ಅರಿಷಿಣ ಹಚ್ಚುತ್ತಿದ್ದಾಳೆ. ಸುತ್ತ ಹೆಂಗಸರು. ಇವರೆಲ್ಲ ಚಿತ್ರದ ಕೆಳಗಿನ ಅರ್ಧದಲ್ಲಿ. ಮೇಲಿನ ಅರ್ಧದಲ್ಲಿ ಸುಣ್ಣ ಬಳಿದ ಖಾಲಿ ಗೋಡೆ, ಆಮೇಲೆ ಬಲಗಡೆಯ ಮೂಲೆಯಿಂದ ಒಳಗೆ ಚಾಚಿದ ಒಂದು ಕೈ. ಮೊಣಕೈವರೆಗೆ ಹಸಿರು ಬಳೆ ತೊಟ್ಟು, ಉರಿಯುವ ಹಾಲೋಜನ್ ಲೈಟು ಎತ್ತಿ ಹಿಡಿದಿದ್ದ ಹೆಣ್ಣಿನ ಕೈ.

"ಅಬ್ಬಾ, ಏನ್ರಿ ಇದು, ಅರ್ಧಾ ಬರೇ ಗ್ವಾಡಿ ಹಿಡದೀರಿ?" ಮಾವನನ್ನು ಅಬ್ಬಾ ಎಂದೇ ಕರೆಯುತ್ತಿದ್ದ ಮಸರತ ನಕ್ಕಳು.

"ಆವಾಗ ಹೊಸದಾಗಿ ಕಲಿಯಾಕತ್ತಿದ್ನಿ," ಅಂದ ದಸ್ತಗೀರ. ಆ ಮದುವೆಯ ಹೊತ್ತಿಗೆ ಅವನು ಕ್ಯಾಮೆರಾ ಹಿಡಿದು ಐದು ವರ್ಷವಾಗಿತ್ತು. ಬಸಿಯಲ್ಲಿದ್ದ ಚಹಾ ಆರಿಹೋದದ್ದು ಅವನಿಗೆ ಗೊತ್ತಾಗಲಿಲ್ಲ.

ಅದು ಶಹಜಾದಬಿಯ ಕೈ. ಅವನ ಹೆಂಡತಿಯದು.

ಆಗ ಅವರ ನಿಕಾಹ್ ಆಗಿ ಮೂರು ತಿಂಗಳು. ಲೈಟು ಹಿಡಿಯುತ್ತಿದ್ದ ಗಂಡಾಳು ಬಿಟ್ಟುಹೋಗಿದ್ದ. ಅಷ್ಟೇ ಅಲ್ಲ, ಅರಿಷಿಣದ ಕೋಣೆಯೊಳಗೆ ಕ್ಯಾಮೆರಾದವನನ್ನು ಸಹಿಸಿದರೂ ಅವನ ಜೊತೆ ಇನ್ನೊಬ್ಬ ಗಂಡಸು ಬರುವುದನ್ನು ಹೆಂಗಸರು ಒಪ್ಪುತ್ತಿರಲಿಲ್ಲ. ನಾನೇ ಬರ್ತೀನಿ, ಅದೇನು ಮಹಾ ಕೆಲಸ ಎಂದು ಶಹಜಾದಬಿ ಹೊರಟಳು. ಆ ಅರಿಷಿಣದ ಮನೆ ಅವಳು ಲೈಟು ಹಿಡಿದ ಮೊದಲ ಮನೆ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ, ದೊಡ್ಡ ಲೈಟುಗಳ ಕಾಲ ಮುಗಿಯುವ ತನಕ, ಅವಳೇ ಲೈಟು ಹಿಡಿದಳು. ಜುನೇದ ಹೊಟ್ಟೆಯಲ್ಲಿದ್ದಾಗಲೂ ಹಿಡಿದಳು. ದೀಪದ ಬುಡಕ್ಕೆ ಕತ್ತಲೆ ಅಂತಾರಲ್ಲ, ಅದು ಇವಳ ಪಾಲಿಗೆ ಅಕ್ಷರಶಃ ನಿಜವಾಯಿತು. ಸಾವಿರ ಮದುವೆಯ ಮುಖಗಳನ್ನು ಬೆಳಗಿದವಳು ಒಂದು ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಗಂಡನ ಮೇಲೆ ಸಿಟ್ಟು ಬಂದಾಗೆಲ್ಲ ಅವಳು ಆಡುತ್ತಿದ್ದದ್ದು ಅದೊಂದೇ ಮಾತು: "ಊರ ಮಂದೀನ್ನೆಲ್ಲಾ ಹಿಡದ್ರಿ. ನನ್ನ ಯಾವ ಡಬ್ಬ್ಯಾಗ ಇಟ್ಟೀರಿ, ತೋರಸ್ರಿ." ಟೋಪಿ ಹಾಕಿಕೊಂಡು ಹೊರಗೆ ಹೋಗುವುದೇ ಆ ಮಾತಿಗೆ ದಸ್ತಗೀರನ ಉತ್ತರವಾಗಿತ್ತು.

ಈಗ ಉತ್ತರ ಸಿಕ್ಕಿತ್ತು. ಕಂಪ್ಯೂಟರಿನ ಆ ಗೇಣುದ್ದದ ಗಾಜಿನಲ್ಲಿ ತೋರಿಸಿದರೆ ಏನು ಚಂದ? ಭಾನುವಾರ ಗೋಡೆಯಷ್ಟು ದೊಡ್ಡದಾಗಿ, ನಾಲ್ಕು ಜನರ ನಡುವೆ ತೋರಿಸಬೇಕು. ಅವನು ಹೆಂಡತಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಸೊಸೆಯ ಮುಂದೆ ನಿಂತು, ನೋಡವ್ವಾ, ಇದು ನಿಮ್ಮ ಅತ್ತೆಯ ಕೈ, ಇದನ್ನು ನೋಡಿದರೆ ನನಗೆ ಇವತ್ತೂ ಹೇಗೋ ಆಗುತ್ತದೆ ಅಂತ ಅರವತ್ತರ ಮುದುಕ ಹೇಗೆ ಹೇಳಬೇಕು?

ಹೆಂಡತಿಗೆ ಇಷ್ಟೇ ಹೇಳಿದ: "ಐತವಾರ ನೀನೂ ಬಾ. ಊಟ ಛಲೋ ಮಾಡಸ್ಯಾರಂತ."

"ಮೊಣಕಾಲ ಬ್ಯಾನಿ ಇಟಗೊಂಡ ಊಟಕ್ಕ ಕೊಗನೊಳ್ಳಿ ತನಕ ಬರಬೇಕೇನು ನಾ?" ಅಂದಳು ಶಹಜಾದಬಿ. ಆದರೂ ಬಂದಳು. ಅವನು ಬಿಡದೆ ಎರಡನೇ ಸಲ ಬಾ ಅಂದದ್ದೇ ಅವಳಿಗೆ ಹೊಸದಾಗಿತ್ತು.

ಭಾನುವಾರ ಮುಂಜಾನೆ ಎಂಟಕ್ಕೆಲ್ಲ ಕೊಗನೊಳ್ಳಿಯ ಮಂಗಲ ಕಾರ್ಯಾಲಯದಲ್ಲಿ ಗೋಡೆ ಎದ್ದು ನಿಂತಿತು. ಧೂಳಪ್ಪನ ಬಸ್ಸು, ಬಸ್ಸಿನ ಮುಂದೆ ಧೂಳಪ್ಪ, ಧೂಳಪ್ಪನಿಗೆ ಹಾರ, ಈ ಹೊಸ ಫೋಟೋಗಳೆಲ್ಲ ಸರಿಯಾಗಿ ಕೂತವು. ಗಂಟಲಿಗೆ ಸಿಕ್ಕಿದ್ದು ಮದುವೆಯ ವಿಡಿಯೋ. ಅದು ಹಳೆಯ ಟಿವಿಯ ಅಳತೆಯದು, ಹೆಚ್ಚುಕಡಿಮೆ ಚೌಕ. ಇವರ ಗೋಡೆ ಅಡ್ಡಕ್ಕೆ ಬಹಳ ಉದ್ದ. ಚಿತ್ರ ನಡುವೆ ಕೂತು ಎರಡೂ ಬದಿಗೆ ಕಪ್ಪಾಗಿ ಖಾಲಿ ಉಳಿಯಿತು. ಮಸರತ ಅಲ್ಲಿ ಹೂವಿನ ಚಿತ್ತಾರ ಹಾಕಬೇಕೆಂದು ಮಾಡಿಕೊಂಡು ಬಂದಿದ್ದಳು. ಲಖನ ಅದನ್ನು ನೋಡಿ ಮುಖ ಸಿಂಡರಿಸಿದ.

"ಇಷ್ಟ ದೊಡ್ಡ ಗ್ವಾಡಿ ತಂದ ನಡುವ ಒಂದ ಕಿಡಕಿಯಷ್ಟ ತೋರಸ್ತೀರೇನ್ರಿ? ಪೂರಾ ತುಂಬಬೇಕ್ರಿ ಅಕ್ಕಾ."

ಮಸರತ ಚಿತ್ರವನ್ನು ಅಡ್ಡಕ್ಕೆ ಎಳೆದಳು. ಅಕ್ಕುತಾಯಿ ಹಂಡೆಯಷ್ಟು ಅಗಲವಾದಳು. ಅದನ್ನು ನೋಡಿ ಜುನೇದ ನಕ್ಕ, ಲಖನ ನಗಲಿಲ್ಲ.

"ಹಂಗಾರ ಕೊಯ್ಯೂದೊಂದ ಹಾದಿ," ಅಂದಳು ಮಸರತ. "ದೊಡ್ಡದ ಮಾಡಿ ಅರ್ಧಾ ಕೊಯ್ದ ಬಿಡ್ತೀನ್ರಿ. ಹೆಂಗೂ ಮ್ಯಾಲ ಬರೇ ಗ್ವಾಡಿ ಐತಿ."

ದೂರ ನಿಂತಿದ್ದ ದಸ್ತಗೀರ ಹಾರಿ ಹತ್ತಿರ ಬಂದ. "ಮ್ಯಾಲ ಕೊಯ್ಯಬ್ಯಾಡ!"

"ಯಾಕ್ರಿ ಅಬ್ಬಾ?"

"ಉಸರ ಕಟ್ಟಿದಂಗ ಕಾಣತೈತಿ. ತಲಿ ಮ್ಯಾಲ ಜಾಗಾ ಬೇಕು. ಕೆಳಗ..." ಅವನು ತಡವರಿಸಿದ. "ಕೆಳಗ ಕೊಯ್ಯಿ. ಕಾಲ ತೋರಿಸಿ ಏನ ಮಾಡೂದೈತಿ?"

"ಕೆಳಗ ಮಾತ್ರ ಬ್ಯಾಡ್ರಿ ಕಾಕಾ," ಅಂದ ಲಖನ. ಅವನ ದನಿ ಬದಲಾಗಿತ್ತು. ಗೋಡೆಯ ಹತ್ತಿರ ಹೋಗಿ, ಅರಿಷಿಣ ಹಚ್ಚುತ್ತಿದ್ದ ಹೆಂಗಸಿನ ಕಡೆ ಕೈ ತೋರಿಸಿದ. "ನಮ್ಮ ಆಯಿ, ಶಿವಗಂಗವ್ವ. ತೀರಿಕೊಂಡ ಹನ್ನೊಂದ ವರ್ಷಾತು. ಆಕಿದ ಒಂದ ಫೋಟೋ ಐತ್ರಿ ಮನ್ಯಾಗ, ಅದೂ ಆಧಾರ ಕಾರ್ಡಿಂದು. ಹಿಂಗ ಕೈ ಆಡಸೂದು, ನಗೂದು ಎಲ್ಲೂ ಇಲ್ಲ. ಅವ್ವಗ ಇದನ್ನ ತೋರಸಬೇಕಂತನ ಇಷ್ಟೆಲ್ಲಾ ಮಾಡೀನ್ರಿ ನಾ."

ದಸ್ತಗೀರ ಬಾಯಿತನಕ ಬಂದದ್ದನ್ನು ನುಂಗಿದ. ಕೆಳಗೆ ಕೊಯ್ದರೆ ಅಕ್ಕುತಾಯಿಯ ತಾಯಿ ಹೋಗುತ್ತಾಳೆ, ಸತ್ತವಳು, ಮತ್ತೆ ಎಲ್ಲೂ ಸಿಗದವಳು. ಮೇಲೆ ಕೊಯ್ದರೆ ಹೋಗುವುದು ಒಂದು ಕೈ. ಕೈಯ ಒಡತಿ ಹೊರಗೆ ಮಾವಿನ ನೆರಳಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದಾಳೆ. ನ್ಯಾಯ ಯಾವುದೆಂದು ಮೌಲಾನಾನನ್ನು ಕೇಳಬೇಕಾಗಿರಲಿಲ್ಲ. ಆದರೂ ಅವನಿಗೆ ಬಹಳ ಕೆಟ್ಟದೆನಿಸಿತು.

"ಮ್ಯಾಲಿಂದ ಕೊಯ್ಯಿ, ಮಸರತ," ಅಂದ. "ಅಲ್ಲಿ ಯಾರೂ ಇಲ್ಲ."

ಹಾಗೆ ಹೇಳಿ ಹೊರಗೆ ಹೋದ. ಮಾವಿನ ಗಿಡದ ಕೆಳಗೆ ಶಹಜಾದಬಿ ಹೂವು ಕಟ್ಟುತ್ತಿದ್ದ ಹೆಂಗಸರ ನಡುವೆ ಕೂತು ತಾನೂ ಕಟ್ಟುತ್ತಿದ್ದಳು. ಯಾರ ಮನೆಗೆ ಹೋದರೂ ಹತ್ತು ನಿಮಿಷದಲ್ಲಿ ಆ ಮನೆಯ ಕೆಲಸಕ್ಕೆ ಕೈಹಾಕುವವಳು ಅವಳು.

"ಮಾರಿ ಯಾಕ ಹಿಂಗ ಆಗೇತಿ? ಟಿವಿ ಹತ್ತಲಿಲ್ಲೇನು?"

"ಹತ್ಯಾವ."

"ಮತ್ತ?"

"ಏನಿಲ್ಲ. ನೀ ಕಟ್ಟು."

ಅವಳು ಅವನ ಕಡೆ ಒಂದು ಗಳಿಗೆ ನೋಡಿ, ತನ್ನ ಚಹಾದ ಗ್ಲಾಸನ್ನು ಅವನ ಕಡೆ ಸರಿಸಿದಳು. ಅರ್ಧ ಕುಡಿದದ್ದು. ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ಅದನ್ನು ಕುಡಿದ. ಊಟ ಛಲೋ ಇರುತ್ತದೆ ಅಂತ ಹೇಳಿ ಕರೆತಂದದ್ದು, ಇನ್ನು ಊಟವಾದರೂ ಛಲೋ ಇರಲಪ್ಪಾ ದೇವರೇ ಅಂದುಕೊಂಡ.

ಅರ್ಧ ಗಂಟೆ ಬಿಟ್ಟು ಒಳಗೆ ಬಂದು ನೋಡಿದರೆ ಗೋಡೆ ಇರಲಿಲ್ಲ. ಹನ್ನೆರಡೂ ಟಿವಿಗಳು ನೆಲದ ಮೇಲೆ, ಕೌದಿಯ ಮೇಲೆ ಸಾಲಾಗಿ ಮಲಗಿದ್ದವು. ಜುನೇದ ಬೆವರು ಸುರಿಸುತ್ತ ಚೌಕಟ್ಟಿನ ಬೋಲ್ಟು ಬಿಚ್ಚುತ್ತಿದ್ದ.

"ಏನ ಮಾಡಾಕತ್ತೀರಲೇ! ಹನ್ನೊಂದಕ್ಕ ಕಾರ್ಯಕ್ರಮ ಐತಿ!"

"ನಿಮ್ಮ ಸೊಸೀನ್ನ ಕೇಳ್ರಿ ಅಬ್ಬಾ. ನನ್ನ ಕೇಳಬ್ಯಾಡ್ರಿ," ಅಂದ ಜುನೇದ.

ಮಸರತ ಕ್ಯಾಸೆಟ್ಟಿನ ಸದ್ದು ಕೇಳುತ್ತಿದ್ದ ಇಯರ್‌ಫೋನನ್ನು ಕಿವಿಯಿಂದ ತೆಗೆದು ಎದ್ದು ನಿಂತಳು. ಕೈಯಲ್ಲಿದ್ದ ಕಾಗದದಲ್ಲಿ ಚಿಕ್ಕ ಚಿಕ್ಕ ಚೌಕ ಬರೆದುಕೊಂಡಿದ್ದಳು. "ಅಡ್ಡಕ್ಕ ನಾಕು, ಎತ್ತರಕ್ಕ ಮೂರ ಇಡೂದ ಒಂದ ಹಾದಿ ಅಂತ ಯಾರ ಹೇಳ್ಯಾರ್ರಿ? ಅಡ್ಡಕ್ಕ ಮೂರು, ಎತ್ತರಕ್ಕ ನಾಕ ಇಡೋಣು. ಲೆಕ್ಕಾ ಹಾಕಿ ನೋಡೀನಿ, ಬರೋಬ್ಬರಿ ನಿಮ್ಮ ಹಳೀ ಟಿವಿ ಅಳತಿನ ಬರತೈತಿ. ಎಳಿಯೂದಿಲ್ಲ, ಕೊಯ್ಯೂದಿಲ್ಲ, ಕರೇ ಜಾಗಾನೂ ಉಳಿಯಂಗಿಲ್ಲ. ಇಷ್ಟ ದಿನಾ ಗ್ವಾಡಿಗಿ ಚಿತ್ರ ಹೊಂದಸಾಕ ಒದ್ದಾಡಿದ್ವಿ. ಇವತ್ತ ಚಿತ್ರಕ್ಕ ಗ್ವಾಡಿ ಹೊಂದಸೋಣು."

ದಸ್ತಗೀರ ಕಾಗದ ನೋಡಿದ, ನೆಲದ ಮೇಲಿನ ಟಿವಿಗಳನ್ನು ನೋಡಿದ, ಬೆರಳು ಮಡಚಿ ಎಣಿಸಿದ. ತಪ್ಪು ಹುಡುಕುವುದರಲ್ಲಿ ಹೆಸರಾದವನಿಗೆ ಒಂದೂ ಸಿಗಲಿಲ್ಲ.

"ಹೊಸ ಫೋಟೋ?"

"ಅವನ್ನ ಚೌಕ ಮಾಡೀನಿ. ಬಸ್ಸಿನ ಹಿಂದಿನ ಗಾಲಿ ಹೋದ್ರ ಯಾರೂ ಅಳೂದಿಲ್ಲ."

"ಇಷ್ಟ ತ್ರಾಸ ಯಾಕ ತಗೊಂಡಿವಾ? ನಾನ ಹೇಳಿದ್ನೆಲ್ಲ, ಮ್ಯಾಲ ಯಾರೂ ಇಲ್ಲ ಅಂತ."

"ಯಾರೂ ಇಲ್ದ ಲೈಟ್ ತಾನ ನಿಂದರತೈತೇನ್ರಿ ಅಬ್ಬಾ?" ಅಂದಳು ಮಸರತ, ಮೆಲ್ಲಗೆ.

ದಸ್ತಗೀರನಿಗೆ ಒಮ್ಮೆಲೇ ನೆಲದ ಮೇಲಿದ್ದ ಬೋಲ್ಟುಗಳಲ್ಲಿ ಬಹಳ ಆಸಕ್ತಿ ಹುಟ್ಟಿತು. ಅವನ್ನು ಆರಿಸಿ ಆರಿಸಿ ಅಂಗೈಯಲ್ಲಿ ಹಾಕಿಕೊಂಡ. ಕಣ್ಣೆತ್ತಿ ಸೊಸೆಯ ಮುಖ ನೋಡಲು ಆಗದೆ, ಅಂಗಿಯ ತೋಳು ಮಡಚಿ ಜುನೇದನ ಜೊತೆ ಕೆಲಸಕ್ಕೆ ನಿಂತ. ಮೇಲಿನ ಸಾಲಿನ ಮೂರು ಟಿವಿಗಳನ್ನು, ಬೇಡ ಬೇಡ ಅಂದರೂ ಕೇಳದೆ, ಏಣಿ ಹತ್ತಿ ತಾನೇ ಕೂಡಿಸಿದ. ಕೊನೆಯ ವೈರು ಸಿಕ್ಕಿಸುವಾಗ ಹನ್ನೊಂದಕ್ಕೆ ಐದು ನಿಮಿಷ ಇತ್ತು. ಲಖನ ಬಂದು ನೋಡಿ, ಚಿತ್ರ ಅಂಚಿನಿಂದ ಅಂಚಿಗೆ ತುಂಬಿ ನಿಂತದ್ದು ಕಂಡು, ಜುನೇದನನ್ನು ತಬ್ಬಿಕೊಂಡ.

ಹಾರ ಆಯಿತು, ಶಾಲು ಆಯಿತು. ಧೂಳಪ್ಪ ಮೂವತ್ತೆರಡು ವರ್ಷ ಬಸ್ಸು ನಡೆಸಿದ್ದರ ಬಗ್ಗೆ ಮೂವತ್ತೆರಡು ಸೆಕೆಂಡು ಮಾತಾಡಿ ಕೂತ. ಆಮೇಲೆ ಗೋಡೆ ಬೆಳಗಿತು. ಶಹನಾಯಿ ಹಾಡಿನ ಜೊತೆ ಅರಿಷಿಣದ ಕೋಣೆ ಬಂತು.

ಅಕ್ಕುತಾಯಿ ಮೊದಲು ತನ್ನನ್ನು ನೋಡಿಕೊಂಡು ನಾಚಿದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಅಲ್ಲಿ ಅವಳ ತಾಯಿ, ಆಳೆತ್ತರವಾಗಿ, ಪಾದಕ್ಕೆ ಅರಿಷಿಣ ಹಚ್ಚಿ, ಯಾರೋ ಏನೋ ಅಂದದ್ದಕ್ಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಯವ್ವಾ," ಅಂದಳು ಅಕ್ಕುತಾಯಿ. ಅಷ್ಟೇ. ಇಡೀ ಸಭಾಗೃಹದಲ್ಲಿ ಮೂಗು ಎಳೆದುಕೊಳ್ಳುವ ಸದ್ದು. ಇದನ್ನು ಕೊಯ್ಯಿ ಅಂದಿದ್ದೆನಲ್ಲ ಎಂದು ದಸ್ತಗೀರನ ಕೆನ್ನೆ ಬಿಸಿಯಾಯಿತು.

ಅವನು ಗೋಡೆ ನೋಡುತ್ತಿರಲಿಲ್ಲ. ಐದನೇ ಸಾಲಿನ ತುದಿಯಲ್ಲಿ ಕೂತ ಶಹಜಾದಬಿಯನ್ನು ನೋಡುತ್ತಿದ್ದ. ಬಲಗಡೆ ಮೇಲಿನ ಮೂಲೆಯ ಟಿವಿ ಪೂರ್ತಿ ಅವಳ ಕೈಯೇ ತುಂಬಿತ್ತು. ಬಳೆ ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. ಅವಳೋ, ಎಲ್ಲರ ಹಾಗೆ, ಶಿವಗಂಗವ್ವನನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಲೆ ನೋಡೇ, ಮೇಲೆ ನೋಡೇ ಎಂದು ಅವನು ಮನಸ್ಸಿನಲ್ಲೇ ಒದ್ದಾಡಿದ.

ಆಗ ಶಹನಾಯಿ ತಣ್ಣಗೆ ಇಳಿದು ನಿಂತಿತು. ದಸ್ತಗೀರ ಗಾಬರಿಯಿಂದ ಮಸರತಳ ಕಡೆ ನೋಡಿದ. ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಕ್ಯಾಸೆಟ್ಟಿನ ಮೂಲ ಸದ್ದು ಬಂತು: ಹೆಂಗಸರ ಗುಜುಗುಜು, ಬಳೆ, ದೂರದಲ್ಲಿ ಒಂದು ಕೋಳಿ. ಅದರ ಮೇಲೆ, ಕ್ಯಾಮೆರಾದ ತೀರ ಹತ್ತಿರದಿಂದ, ಒಂದು ಎಳೆಯ ಹೆಣ್ಣುದನಿ. ಗಂಡ ಹೆಂಡಿರು ಮನೆಯಲ್ಲಿ ಆಡುವುದು ಉರ್ದು. ಆದರೆ ಪರರ ಮನೆಯಲ್ಲಿ ಉರ್ದು ಆಡಿದರೆ ತಮ್ಮ ಬಗ್ಗೆಯೇ ಏನೋ ಅಂದರು ಅಂತ ಅಲ್ಲಿಯವರು ತಿಳಿದಾರೆಂದು, ಶೂಟಿಂಗಿನಲ್ಲಿ ಅವರಿಬ್ಬರದೂ ಕನ್ನಡವೇ.

"ಏನ್ರಿ, ನನ್ನ ಕೈ ಬರಾಕತ್ತೈತೇನು? ಹಿಂದ ಸರೀಲಿ?"

ಆಮೇಲೆ ಮೈಕಿಗೆ ಬಾಯಿ ಹಚ್ಚಿದಷ್ಟು ದೊಡ್ಡದಾಗಿ ಒಬ್ಬ ಹರೆಯದ ಗಂಡಸಿನ ದನಿ:

"ಇಲ್ಲ ಇಲ್ಲ. ಬರಾಕತ್ತಿಲ್ಲ. ಅಲ್ಲೇ ನಿಂದರು."

ಹಾಗೆ ಹೇಳುವಾಗಲೇ ಮದುಮಗಳು ಇನ್ನಷ್ಟು ಕೆಳಗೆ ಸರಿದಳು, ಗೋಡೆ ಇನ್ನಷ್ಟು ದೊಡ್ಡದಾಯಿತು. ಕ್ಯಾಮೆರಾ ಮೇಲೆ ಏಳುತ್ತಿತ್ತು. ಬರುತ್ತಿಲ್ಲ ಅಂದ ಕೈ ಸಭೆಯೆದುರು ಮೊಣಕೈತನಕ ಬಂದು ನಿಂತಿತು.

ಮುನ್ನೂರು ಜನ ಹೋ ಎಂದು ನಕ್ಕರು. ಧೂಳಪ್ಪ ವೇದಿಕೆಯ ಮೇಲಿಂದ ಕೂಗಿದ: "ಸಾವಿರ ಸುಳ್ಳ ಹೇಳಿ ಒಂದ ಮದವಿ ಮಾಡು ಅಂತಾರ. ನಮ್ಮ ಮದವ್ಯಾಗ ಈ ದಸ್ತಗೀರಣ್ಣನೂ ಒಂದ ಹೇಳ್ಯಾನ ನೋಡ್ರಿ!"

ದಸ್ತಗೀರನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಕೈ ಅವನಿಗೆ ನೆನಪಿತ್ತು. ಆ ಸುಳ್ಳು ಮರೆತೇ ಹೋಗಿತ್ತು. ಟೋಪಿ ಸರಿಮಾಡಿಕೊಂಡು ಹೊರಗೆ ಹೋಗೋಣವೆಂದರೆ ಬಾಗಿಲು ಇದ್ದದ್ದು ಐದನೇ ಸಾಲಿನ ಆಚೆ. ತಲೆ ತಗ್ಗಿಸಿ ಹೊರಟ. ಶಹಜಾದಬಿಯ ಹತ್ತಿರ ಬಂದಾಗ ಕಾಲು ತಾವಾಗಿಯೇ ನಿಂತವು.

ಅವಳು ಅವನ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಮೂಲೆಯನ್ನೇ ನೋಡುತ್ತಿದ್ದಳು. ಸೆರಗಿನ ತುದಿ ಹಲ್ಲಿನಲ್ಲಿತ್ತು.

"ಬರಾಕತ್ತಿಲ್ಲ ಅಂದಿದ್ರಿ," ಅಂದಳು.

"ಹೂಂ."

"ಸುಳ್ಳ ಯಾಕ ಹೇಳಿದ್ರಿ?"

ಮೂವತ್ತು ವರ್ಷ ಆಡದ ಬಾಯಿ ಅದು. ಆದರೂ ಆಡಿತು. "ಖರೇ ಹೇಳಿದ್ರ ನೀ ಹಿಂದ ಸರೀತಿದ್ದಿ."

ಶಹಜಾದಬಿ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೈಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ದಸ್ತಗೀರ ಕೂತ. ಅಷ್ಟು ವರ್ಷ ಅಷ್ಟು ಮದುವೆಗೆ ಜೊತೆಯಾಗಿ ಹೋಗಿದ್ದರೂ, ಇಬ್ಬರೂ ಪಕ್ಕಪಕ್ಕ ಕೂತು ನೋಡಿದ್ದು ಇದೊಂದನ್ನೇ.